ಪಾತ್ರೆಗಳಿಗೂ ಒಂದು ಪರೀಕ್ಷೆ

ವರ್ಷಕ್ಕೆ ಎರಡಾವರ್ತಿ ನಿಮ್ಮನ್ನು ಪರೀಕ್ಷೆಗೆ ಕುಳ್ಳಿರಿಸುವುದು ನಮ್ಮ ಕೆಲಸ. ಈ ವರ್ಷ ನಿಮ್ಮ ಮನೆಗಳ ಪಾತ್ರೆಗಳನ್ನೂ ಪರೀಕ್ಷೆಗೆ ಕುಳ್ಳಿರಿಸುವ ಪ್ರಸಂಗವೊಂದು ಒದಗಿತು. ನಿಮ್ಮ ಪರೀಕ್ಷೆಯಲ್ಲಿ ಪ್ರಶ್ನೆ ಸರಿಯಾಗಿದ್ದು ಉತ್ತರ ತಪ್ಪುವುದುಂಟು. ಪಾತ್ರೆಗಳ ವಿಷಯದಲ್ಲಿಯಾದರೋ ಪ್ರಶ್ನೆಯನ್ನು ಸರಿಯಾಗಿ ಕೇಳುವುದೇ ಕಷ್ಟವೆಂದು ಕಂಡುಬಂತು. ಕನ್ನಡ ಕಲಿಸುವವನಿಗೆ ಲೋಹಗಳ ಗೊಡವೆಯೇಕೆ ಎಂದು ನೀವು ಕೇಳಬಹುದು. ಇದೆಲ್ಲ ಆರಂಭವಾದದ್ದು ಪಾಠದ ನಡುವೆ ಬಂದ ಒಂದು ಶಬ್ದದಿಂದ.

ಆ ಶಬ್ದ 'ಕಲಾಯಿ'. ಏಳನೆಯ ತರಗತಿಯಲ್ಲಿ ಒಂದು ಕಥೆಯನ್ನು ಓದಿಸುತ್ತಿದ್ದೆ. "ಕಲಾಯಿ ಹೋದ ಪಾತ್ರೆ" ಎಂಬ ಮಾತು ಬಂದಿತು. ಅರ್ಥವೇನೆಂದು ಕೇಳಿದೆ. ಒಬ್ಬನು ಗೋಡೆಗೆ ಬಳಿಯುವ ಸುಣ್ಣವೆಂದ. ಇನ್ನೊಬ್ಬನು ಎದ್ದು ನಿಂತು ತನ್ನ ಮಣಿಕಟ್ಟನ್ನು ತೋರಿಸಿದ. ಹಿಂದಿಯಲ್ಲಿ ಮಣಿಕಟ್ಟಿಗೆ ಆ ಹೆಸರಿರುವುದರಿಂದ ಅವನ ತಪ್ಪೇನೂ ಇರಲಿಲ್ಲ. ನಾಲ್ಕು ಭಾಷೆಗಳ ನಡುವೆ ಬೆಳೆಯುವ ಮುಂಬಯಿಯ ಮಕ್ಕಳಿಗೆ ಇಂತಹ ಉತ್ತರಗಳು ಸಹಜವೇ. ಕೊನೆಯ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಮಾತ್ರ ಸಂಕೋಚದಿಂದ, "ನಮ್ಮ ಮನ್ಯಾಗ ಒಂದು ಹಿತ್ತಾಳಿ ಬೋಗಾಣಿ ಐತ್ರಿ ಸರ್. ಒಳಗ ಬೆಳ್ಳಗ ಏನೋ ಹಚ್ಯಾರ. ಅದೇನ್ರಿ?" ಎಂದಳು.

ಅದೇ. ಆ ಬಿಳುಪನ್ನು ಹಚ್ಚುವುದನ್ನು ನೋಡುವ ಭಾಗ್ಯ ನನಗೆ ದೊರೆತಿತ್ತು. ಬಾಗಲಕೋಟೆಯ ಕಡೆಯ ನಮ್ಮ ಊರಿಗೆ ಸುಗ್ಗಿ ಮುಗಿದ ಮೇಲೆ ಕಲಾಯಿಗಾರನು ಬರುತ್ತಿದ್ದನು. ಆಗಲೇ ಸ್ಟೀಲಿನ ಪಾತ್ರೆಗಳು ಮನೆಮನೆಗೂ ಬಂದಿದ್ದುವು; ಅವನ ಗಿರಾಕಿಗಳು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದರು. ಬೇವಿನ ಮರದ ಕೆಳಗೆ ಕುಳಿ ತೋಡಿ, ತಿದಿಯ ಮೂತಿಯನ್ನು ಅದರಲ್ಲಿ ಹೂತು, ಇದ್ದಲಿನ ಬೆಂಕಿಯನ್ನು ಹೊತ್ತಿಸುವನು. ಪಾತ್ರೆಗಳನ್ನು ಮೊದಲು ಮರಳಿನಿಂದ ಉಜ್ಜಬೇಕು. ದೊಡ್ಡ ಹಂಡೆಯಾದರೆ ಅವನ ಮಗನು ಅದರೊಳಗೇ ನಿಂತು, ಗೋಡೆಯನ್ನು ಹಿಡಿದುಕೊಂಡು, ಸೊಂಟವನ್ನು ಅತ್ತಿತ್ತ ತಿರುಗಿಸುತ್ತ ಕಾಲಿನಿಂದಲೇ ಉಜ್ಜುವನು. ಆ ಕುಣಿತವನ್ನು ನೋಡಲು ನಾವು ಶಾಲೆಗೆ ತಡವಾಗಿ ಹೋದದ್ದೂ ಉಂಟು. ಪಾತ್ರೆ ಕಾದಾಗ ನವಸಾಗರದ ಪುಡಿಯನ್ನು ಎರಚಿದರೆ ಬಿಳಿಯ ಹೊಗೆ ಗಪ್ಪೆಂದು ಏಳುವುದು. ಕೂಡಲೇ ತವರದ ಕಡ್ಡಿಯನ್ನು ಮುಟ್ಟಿಸಬೇಕು. ಅದು ಬೆಣ್ಣೆಯಂತೆ ಕರಗುವುದು. ಅರಳೆಯ ಉಂಡೆಯಿಂದ ಅವನು ಒಂದು ಸುತ್ತು ಒರಸಿದನೆಂದರೆ ಹಳದಿಯ ಪಾತ್ರೆಯೊಳಗೆ ಬೆಳ್ಳಿ ಹರಿದಂತಾಗುತ್ತಿತ್ತು.

ಇದು ಅಂದಕ್ಕಾಗಿ ಮಾಡಿದ ಕೆಲಸವಲ್ಲ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವುಗಳ ಮಿಶ್ರಣ. ಹುಣಸೆಯ ಹುಳಿಯಾಗಲಿ ಮಜ್ಜಿಗೆಯಾಗಲಿ ಅದಕ್ಕೆ ತಗುಲಿದರೆ ತಾಮ್ರ ಕರಗಿ ಅಡುಗೆಗೆ ಇಳಿಯುವುದು. ಕಿಲುಬು ಹಿಡಿದ ಪಾತ್ರೆಯ ಮಜ್ಜಿಗೆ ಕುಡಿದು ವಾಂತಿ ಮಾಡಿಕೊಂಡವರ ಕಥೆಗಳು ಪ್ರತಿಯೊಂದು ಊರಿನಲ್ಲಿಯೂ ಇವೆ. ತವರವು ಇವೆರಡರ ನಡುವೆ ತೆರೆಯಂತೆ ನಿಲ್ಲುತ್ತದೆ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಗಳ ಪಾತ್ರೆ ಆಹಾರಕ್ಕೆ ತಕ್ಕುದಲ್ಲವೆಂದು ನಮ್ಮ ದೇಶದ 2011ರ ಆಹಾರ ನಿಯಮಗಳಲ್ಲಿಯೂ ಬರೆದಿತ್ತು. ತವರು ಮನೆಯಿಂದ ಬಂದ ಪಾತ್ರೆಗೆ ತವರದ ಲೇಪ ಎಂದು ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ವ್ಯಾಕರಣದ ಪಾಠದಲ್ಲಿ ಅವರು ಇಷ್ಟು ನಗುವುದಿಲ್ಲ.

ಆದರೆ ಈ ತೆರೆಯ ಹಿಂದೆ ಇನ್ನೊಬ್ಬ ಪಾತ್ರಧಾರಿ ಅಡಗಿರಬಹುದು. ತವರದ ಬೆಲೆ ಸೀಸದ ಬೆಲೆಯ ಹತ್ತು ಪಟ್ಟಿಗೂ ಮಿಗಿಲು. ಶುದ್ಧ ತವರ ಕರಗುವುದು 232 ಡಿಗ್ರಿ ಉಷ್ಣತೆಯಲ್ಲಿ; ಅದಕ್ಕೆ ತಕ್ಕ ಪ್ರಮಾಣದಲ್ಲಿ ಸೀಸವನ್ನು ಬೆರೆಸಿದರೆ 183 ಡಿಗ್ರಿಗೇ ಕರಗುವುದು. ಎಂದರೆ ಕಲಬೆರಕೆಯ ಕಡ್ಡಿ ಅಗ್ಗ; ಅದರೊಡನೆ ಕೆಲಸವೂ ಸುಲಭ, ಇದ್ದಲೂ ಉಳಿತಾಯ. ಕಲಾಯಿಗಾರನಿಗೆ ತಾನು ಕೊಂಡ ಕಡ್ಡಿಯಲ್ಲಿ ಏನಿದೆಯೆಂಬುದು ತಿಳಿಯದೆಯೂ ಇರಬಹುದು. ಹಳೆಯ ಕಸುಬುದಾರರಿಗೆ ಒಂದು ಉಪಾಯ ಗೊತ್ತಿತ್ತು. ಶುದ್ಧ ತವರದ ಕಡ್ಡಿಯನ್ನು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದರೆ ಅದು ಕರಕರನೆ ಸದ್ದು ಮಾಡುತ್ತದೆ. ಲೋಹಶಾಸ್ತ್ರದವರು ಇದನ್ನು ತವರದ ಕೂಗು ಎನ್ನುವರು. ಸೀಸವಾದರೋ ಎಷ್ಟು ಬಗ್ಗಿಸಿದರೂ ಮೂಕ. ನಮ್ಮ ಪ್ರಾಚೀನ ರಸಶಾಸ್ತ್ರದವರು ತವರವನ್ನು ವಂಗವೆಂದೂ ಸೀಸವನ್ನು ನಾಗವೆಂದೂ ಬೇರೆ ಬೇರೆ ಹೆಸರಿಟ್ಟು ಕರೆದರು. ನಾಗವೆಂಬ ಹೆಸರು ಬಹಳ ಒಪ್ಪುವಂತಹುದೆಂದು ನನ್ನ ಎಣಿಕೆ. (ನೀವು ಬರೆಯುವ ಸೀಸದ ಕಡ್ಡಿಯಲ್ಲಿ ಮಾತ್ರ ಸೀಸವಿಲ್ಲ, ಅದು ಗ್ರಾಫೈಟು, ಇಂಗಾಲದ ಒಂದು ರೂಪ. ಹೆಸರು ಕೆಟ್ಟಿದೆ, ವಸ್ತು ನಿರಪರಾಧಿ.)

ಸೀಸವು ನಾಲಿಗೆಗೆ ಕಹಿಯಾಗಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಅದರ ಕೆಲವು ಲವಣಗಳು ಸಿಹಿ. ಪ್ರಾಚೀನ ರೋಮಿನವರು ದ್ರಾಕ್ಷಿಯ ರಸವನ್ನು ಸೀಸದ ಕಡಾಯಿಗಳಲ್ಲಿ ಕುದಿಸಿ ಬತ್ತಿಸಿ ಒಂದು ಬಗೆಯ ಕಾಕಂಬಿಯನ್ನು ಮಾಡಿಕೊಳ್ಳುತ್ತಿದ್ದರು. ಅದರ ಸವಿಯ ಒಂದು ಪಾಲು ಪಾತ್ರೆಯಿಂದಲೇ ಬಂದದ್ದು. ಬಾಯಿಗೆ ರುಚಿಸಿದುದು ಮೈಗೆ ಹಿತವೆಂದೇನೂ ಇಲ್ಲ. ದೇಹವು ಸೀಸವನ್ನು ಕ್ಯಾಲ್ಸಿಯಂ ಎಂದು ಭ್ರಮಿಸಿ ಎಲುಬುಗಳಲ್ಲಿ ಕೂಡಿಡುವುದು, ಅದೂ ಹತ್ತಾರು ವರ್ಷ. ನುಂಗಿದ ಅಷ್ಟೇ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಿನ ಪಾಲನ್ನು ಚಿಕ್ಕ ಮಕ್ಕಳ ಮೈ ಹೀರಿಕೊಳ್ಳಬಲ್ಲದು. ಮೆದುಳು ಬೆಳೆಯುವ ವಯಸ್ಸಿನಲ್ಲಿ ಅದು ಸೇರಿದರೆ ಗ್ರಹಣಶಕ್ತಿ ಕುಗ್ಗುತ್ತದೆ, ಗಮನ ನಿಲ್ಲುವುದಿಲ್ಲ, ಸಿಡುಕು ಹೆಚ್ಚುತ್ತದೆ. ಇಷ್ಟರವರೆಗೆ ಸೀಸವಿದ್ದರೆ ಬಾಧಕವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಎಲ್ಲಿಯೋ ದೂರದ ಮಾತೆಂದು ತಿಳಿಯಬೇಡಿ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಷನ್ನಿನವರು ಬೆಂಗಳೂರು, ಮುಂಬಯಿ, ಚೆನ್ನೈ, ದೆಹಲಿ ಮೊದಲಾದ ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿದಾಗ, 12 ವರ್ಷದೊಳಗಿನ ಅರ್ಧಕ್ಕೂ ಮಿಕ್ಕ ಮಕ್ಕಳಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಕಂಡುಬಂದಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಈ ಕಾರ್ಯಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟವರು. ಅವರನ್ನು ಭಾರತದ 'ಸೀಸದ ಮನುಷ್ಯ'ನೆಂದೇ ಕರೆಯುವರು. 2000ದಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ಹೊರಬಿತ್ತು. ಮನೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಅಂಶಕ್ಕಿಂತ ಹೆಚ್ಚು ಸೀಸ ಇರಕೂಡದೆಂಬ ನಿಯಮ 2017ರ ನವೆಂಬರಿನಿಂದ ಜಾರಿಗೆ ಬಂತು. ಹೀಗೆ ಹೆಬ್ಬಾಗಿಲುಗಳು ಒಂದೊಂದಾಗಿ ಮುಚ್ಚಿದರೂ ಹಿತ್ತಿಲ ಬಾಗಿಲುಗಳು ತೆರೆದೇ ಇವೆ: ಹಳೆಯ ಬ್ಯಾಟರಿಗಳನ್ನು ಒಡೆದು ಕರಗಿಸುವ ಗುಡಿಸಲುಗಳು, ಬಣ್ಣ ಕಟ್ಟಿದ ಅರಿಸಿನ, ಪಾತ್ರೆ. ಜಗತ್ತಿನ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸವು 5 ಮೈಕ್ರೋಗ್ರಾಂ ಅಥವಾ ಹೆಚ್ಚು ಇದೆಯೆಂದು ಯುನಿಸೆಫ್ 2020ರಲ್ಲಿ ಅಂದಾಜು ಮಾಡಿತು. ಅಧ್ಯಾಪಕನಾದವನು ಈ ಮಾತನ್ನು ಓದಿದ ಮೇಲೆ ತನ್ನ ತರಗತಿಯನ್ನು ಹಿಂದಿನಂತೆಯೇ ನೋಡುವುದು ಕಷ್ಟ. ಗಮನವಿಲ್ಲದ ಮಗುವಿಗೆಲ್ಲ ಸೀಸವೇ ಕಾರಣವೆಂದು ಹೇಳುವುದು ಹುಚ್ಚುತನ. ನಿದ್ದೆ ಸಾಲದ ಮಗುವೂ ಉಂಟು, ಹಸಿದ ಮಗುವೂ ಉಂಟು. ಆದರೂ ಪ್ರಶ್ನೆ ಮನಸ್ಸಿನಲ್ಲಿ ಉಳಿಯುತ್ತದೆ.

ಪಾತ್ರೆಗಳನ್ನು ತನ್ನಿರೆಂದು ನಾನೂ ನಮ್ಮ ವಿಜ್ಞಾನದ ಟೀಚರೂ ಕೂಡಿ ಮಕ್ಕಳಿಗೆ ಹೇಳಿದೆವು. ಹದಿನಾಲ್ಕು ಬಂದುವು. ಹೆಚ್ಚಿನವು ಸ್ಟೀಲಿನವು, ಅವುಗಳಲ್ಲಿ ಒಂದು ಊಟದ ಡಬ್ಬಿ ರೊಟ್ಟಿ ಪಲ್ಯದ ಸಮೇತ ಬಂದಿದ್ದರಿಂದ ಪರೀಕ್ಷೆಯನ್ನು ಮಧ್ಯಾಹ್ನದ ಬಿಡುವಿನ ನಂತರಕ್ಕೆ ಮುಂದೂಡಬೇಕಾಯಿತು. ಹುಡುಗಿಯ ಹಿತ್ತಾಳೆಯ ಬೋಗುಣಿ ಬಂತು. ಬಣ್ಣದ ಹೂಬಳ್ಳಿಯ ಗಾಜಿನ ಲೋಟಗಳೂ ಬಂದುವು. ನಮ್ಮ ಕಡೆ 'ಜರ್ಮನ್' ಎಂದು ಕರೆಯುವ ಅಲ್ಯುಮಿನಿಯಂ ಪಾತ್ರೆಗಳು ನಾಲ್ಕು. ಅವುಗಳಲ್ಲಿ ಕಲಬುರಗಿಯ ಕಡೆಯ ಹುಡುಗನೊಬ್ಬನು ತಂದ, ದಪ್ಪ ಅಂಚಿನ, ಹಿಂಡಾಲಿಯಮ್ಮಿನ ಒಂದು ಚಿಕ್ಕ ಡಬರಿ.

ಪಿಂಗಾಣಿಯ ಪಾತ್ರೆಗಳನ್ನು ಪರೀಕ್ಷಿಸುವ ಪದ್ಧತಿ ಹಲವು ದೇಶಗಳಲ್ಲಿ ಒಂದೇ ಬಗೆಯದು: ನೂರಕ್ಕೆ 4ರಷ್ಟು ಅಸಿಟಿಕ್ ಆಮ್ಲವಿರುವ ನೀರನ್ನು ಪಾತ್ರೆಯಲ್ಲಿ ತುಂಬಿ, 24 ಗಂಟೆಗಳ ಕಾಲ ಬಿಟ್ಟು, ಆ ನೀರಿನಲ್ಲಿ ಏನು ಇಳಿದಿದೆಯೆಂದು ಅಳೆಯುವುದು. ಅಂಗಡಿಯ ವಿನೆಗರ್ ಎಂದರೂ ಹೆಚ್ಚು ಕಡಿಮೆ ಅದೇ. ನಾವು ಬೋಗುಣಿಗೆ ವಿನೆಗರ್ ಸುರಿದು ಮುಚ್ಚಿಟ್ಟೆವು. ಮರುದಿನ ಟೀಚರು ಮೊದಲು ಒಂದು ಗಾಜಿನ ನಳಿಗೆಯಲ್ಲಿ ಸೀಸದ ನೈಟ್ರೇಟಿನ ದ್ರಾವಣಕ್ಕೆ ಪೊಟ್ಯಾಸಿಯಂ ಅಯೊಡೈಡಿನ ಹನಿಗಳನ್ನು ಬಿಟ್ಟು ತೋರಿಸಿದರು. ತಿಳಿಯಾದ ಎರಡು ನೀರುಗಳು ಕೂಡಿದ ಕ್ಷಣದಲ್ಲಿ ಚೆಂಡುಹೂವಿನಂತಹ ಹಳದಿ! ಇದು ಸೀಸದ ಅಯೊಡೈಡು. ಆಮೇಲೆ ಬೋಗುಣಿಯ ವಿನೆಗರನ್ನು ಇನ್ನೊಂದು ನಳಿಗೆಗೆ ಸುರಿದು ಅದೇ ಹನಿಗಳನ್ನು ಬಿಟ್ಟರು. ಅದು ಕಂದುಹಳದಿಗೆ ತಿರುಗಿತು. "ಸೀಸ! ಸೀಸ!" ಎಂದು ಮಕ್ಕಳು ಕೂಗಿದರು. ಹುಡುಗಿಯ ಮುಖ ಸಣ್ಣದಾಯಿತು.

ಟೀಚರು ಮಾತ್ರ ತಲೆಯಾಡಿಸಿ, ಅನ್ನದ ತಿಳಿಗಂಜಿಯನ್ನು ತರಿಸಿ, ಅದರ ನಾಲ್ಕು ಹನಿಗಳನ್ನು ಆ ನಳಿಗೆಗೆ ಹಾಕಿದರು. ಇಡೀ ನಳಿಗೆ ಕಡುನೀಲಿಯಾಯಿತು. ಗಂಜಿಯನ್ನು ನೀಲಿ ಮಾಡುವುದು ಅಯೊಡೀನು. ಸೀಸದ ಹಳದಿಗೆ ಆ ಶಕ್ತಿಯಿಲ್ಲ. ಅಯೊಡೈಡಿನಿಂದ ಅಯೊಡೀನನ್ನು ಬಿಡಿಸಿದ್ದು ತಾಮ್ರ. ಬೋಗುಣಿಯ ಕಲಾಯಿ ಅಲ್ಲಲ್ಲಿ ಸವೆದು ಒಳಗಿನ ಹಿತ್ತಾಳೆ ಇಣುಕುತ್ತಿದ್ದುದನ್ನು ನಾವೆಲ್ಲರೂ ನೋಡಿದ್ದೆವು. ವಿನೆಗರಿಗೂ ಎಳೆಯ ಹಸಿರು ಛಾಯೆ ಬಂದಿತ್ತು. ಹಾಗಾದರೆ ಸೀಸವಿಲ್ಲವೆಂದು ಅರ್ಥವೇ? ಅದೂ ಅಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂಗಿಂತ ಹೆಚ್ಚು ಸೀಸ ಇರಕೂಡದೆಂಬುದು ನಮ್ಮ ದೇಶದ ಮಾನಕ. ಅದರ ನೂರು ಪಟ್ಟು ಸೀಸವಿದ್ದರೂ ನಮ್ಮ ನಳಿಗೆಯಲ್ಲಿ ಹಳದಿ ಕಣ್ಣಿಗೆ ಬೀಳದು. ಎಂದರೆ ಈ ಸಾಕ್ಷಿಯು ಇಲ್ಲದುದನ್ನು ಉಂಟೆಂದೂ ಹೇಳಬಲ್ಲನು, ಇರುವುದನ್ನು ಇಲ್ಲವೆಂದೂ ಹೇಳಬಲ್ಲನು. ಪೇಟೆಯಲ್ಲಿ ಮನೆಯಲ್ಲಿಯೇ ಪರೀಕ್ಷಿಸಿಕೊಳ್ಳುವ ಕಡ್ಡಿಗಳು ಸಿಗುತ್ತವೆ. ಸೀಸ ಸೋಂಕಿದರೆ ಕೆಂಪಾಗುವಂತಹವು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗವು 2007ರಲ್ಲಿ ಅಂತಹವುಗಳನ್ನು ಪರೀಕ್ಷಿಸಿ, ಅವು ಹಲವೊಮ್ಮೆ ಇರುವ ಸೀಸವನ್ನು ಕಾಣದೆ ಹೋಗುತ್ತವೆ, ನಂಬತಕ್ಕವಲ್ಲ ಎಂದು ಪ್ರಕಟಿಸಿತು. ಮಕ್ಕಳಿಗೆ ಇದರಿಂದ ನಿರಾಶೆಯಾಯಿತು. ನನಗೆ ಮಾತ್ರ ಆ ಗಂಜಿಯ ನಾಲ್ಕು ಹನಿಗಳು ಇಡೀ ವರ್ಷದ ಅತ್ಯುತ್ತಮ ಪಾಠವೆನಿಸಿದುವು.

ಇನ್ನು ಉಳಿದದ್ದು ಕ್ಷ-ಕಿರಣ. ಮುಂಬಯಿಯಲ್ಲಿ ಚಿನ್ನದ ಒಡವೆಗಳ ಕಸವನ್ನು ತಿಳಿಯಲು ಪೇಟೆಯ ಅಂಗಡಿಗಳಲ್ಲಿ ಒಂದು ಯಂತ್ರವಿರುತ್ತದೆ. ಒಡವೆಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿದರೆ ಅರ್ಧ ನಿಮಿಷದಲ್ಲಿ ಚಿನ್ನವೆಷ್ಟು ತಾಮ್ರವೆಷ್ಟು ಎಂದು ತೆರೆಯ ಮೇಲೆ ಮೂಡುತ್ತದೆ. ಒಡವೆಗೆ ಗೀರು ಸಹ ಬೀಳುವುದಿಲ್ಲ. ಇದರ ಗುಟ್ಟು ಹೀಗಿದೆ. ಕ್ಷ-ಕಿರಣವು ಪರಮಾಣುವಿನ ಒಳಸುತ್ತಿನಲ್ಲಿರುವ ಇಲೆಕ್ಟ್ರಾನೊಂದನ್ನು ಹೊಡೆದು ಹಾಕುತ್ತದೆ. ಬರಿದಾದ ಸ್ಥಾನಕ್ಕೆ ಹೊರಸುತ್ತಿನ ಇಲೆಕ್ಟ್ರಾನು ಧುಮುಕುವಾಗ ಪರಮಾಣುವು ತನ್ನದೇ ಆದ ಕ್ಷ-ಕಿರಣವನ್ನು ಹೊರಸೂಸುತ್ತದೆ. ಈ ಕಿರಣ ಪ್ರತಿಯೊಂದು ಧಾತುವಿಗೂ ಬೇರೆ. ನಿಮ್ಮ ಹೆಜ್ಜೆಯ ಸಪ್ಪಳದಿಂದಲೇ ತಾಯಿಯು ನೀವು ಬಂದಿರೆಂದು ತಿಳಿಯುವಳಲ್ಲವೆ, ಹಾಗೆ. ಈ ಕಿರಣಕ್ಕೂ ಧಾತುವಿನ ಕ್ರಮಸಂಖ್ಯೆಗೂ ಇರುವ ನಂಟನ್ನು 1913ರಲ್ಲಿ ಕಂಡುಹಿಡಿದವನು ಹೆನ್ರಿ ಮೋಸ್ಲಿ ಎಂಬ ಇಂಗ್ಲಿಷ್ ತರುಣ. ಎರಡೇ ವರ್ಷದಲ್ಲಿ, 1915ರ ಆಗಸ್ಟಿನಲ್ಲಿ, ಗಲಿಪೊಲಿಯ ಯುದ್ಧಭೂಮಿಯಲ್ಲಿ ಅವನು ಗುಂಡಿಗೆ ಬಲಿಯಾದನು. ಆಗ ಅವನಿಗೆ 27 ವರ್ಷ. ಇಂದು ಪೇಟೆಯಲ್ಲಿ ಮಾಂಗಲ್ಯದ ಚಿನ್ನವನ್ನು ತೂಗಿ ನೋಡುವವರಿಗೆ ಅವನ ಹೆಸರು ಗೊತ್ತಿರಲಿಕ್ಕಿಲ್ಲ.

ಪೆಟ್ಟಿಗೆಯಲ್ಲಿ ಹಿಡಿಸುವಂತಹ ಪಾತ್ರೆಗಳನ್ನು ಆರಿಸಿಕೊಂಡು, ಮಕ್ಕಳನ್ನು ಶಾಲೆಯಲ್ಲಿಯೇ ಬಿಟ್ಟು, ನಾವಿಬ್ಬರು ಒಂದು ಅಂಗಡಿಗೆ ಹೋದೆವು. ಅಂಗಡಿಯಾತನು ಮೊದಲು ನಮ್ಮ ಚೀಲವನ್ನು ನೋಡಿ ನಕ್ಕನು. ಆಮೇಲೆ ವಿಷಯ ತಿಳಿದು ಗಂಭೀರನಾದನು. ತನ್ನ ಯಂತ್ರವು ಚಿನ್ನಕ್ಕಾಗಿ ಹದಗೊಳಿಸಿದ್ದೆಂದೂ, ಬೇರೆ ಲೋಹಗಳಿಗೆ ಅದು ಕೊಡುವ ಅಂಕೆಗಳನ್ನು ನಂಬಬಾರದೆಂದೂ, ತೆರೆಯ ಮೇಲೆ ಸೀಸದ ಸ್ಥಾನದಲ್ಲಿ ಶಿಖರವೇಳುವುದೋ ಇಲ್ಲವೋ ಎಂಬುದನ್ನಷ್ಟೇ ನೋಡಬಹುದೆಂದೂ ಮೊದಲೇ ಹೇಳಿದನು. ಪ್ರಾಮಾಣಿಕನಾದ ಸಾಕ್ಷಿ! ಬೋಗುಣಿಯ ಹೊರಮೈಯಲ್ಲಿ ಸೀಸದ ಸಣ್ಣ ದಿಬ್ಬವೊಂದು ಕಂಡಿತು. ಹಿತ್ತಾಳೆಯನ್ನು ಕೊರೆಯಲು ಕಡೆಯಲು ಸುಲಭವಾಗಲೆಂದು ಸ್ವಲ್ಪ ಸೀಸ ಬೆರೆಸುವ ರೂಢಿ ಕಸುಬಿನಲ್ಲಿದೆ. ಒಳಮೈಯಲ್ಲಿ ಕಲಾಯಿಯಿದ್ದ ಕಡೆ ಆ ದಿಬ್ಬ ಗುಡ್ಡವಾಯಿತು. ಕಲಾಯಿಯಲ್ಲಿಯೇ ಸೀಸ ಸೇರಿತ್ತು. ಸ್ಟೀಲಿನ ಡಬ್ಬಿಯಲ್ಲಿ ಕಬ್ಬಿಣ, ಕ್ರೋಮಿಯಂ, ನಿಕ್ಕಲ್, ಸೀಸದ ಸುಳಿವಿಲ್ಲ. ಗಾಜಿನ ಲೋಟದ ಹೂಬಳ್ಳಿಯ ಮೇಲೆ ಸೀಸವೂ ಕ್ಯಾಡ್ಮಿಯಮ್ಮೂ ಕಂಡುವು. ಇಂತಹ ಬಣ್ಣದ ಲೋಟಗಳಲ್ಲಿ ಇವೆರಡೂ ಇರುವುದನ್ನು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದವರು 2017ರಲ್ಲಿ ಪ್ರಕಟಿಸಿದ್ದರು. ತುಟಿ ತಾಗುವ ಅಂಚಿನವರೆಗೆ ಬಣ್ಣವಿರುವ ಲೋಟವನ್ನು ಬಿಡುವುದೇ ಮೇಲು. ಮೂರು ಜರ್ಮನ್ ಪಾತ್ರೆಗಳು ಪಾಸಾದುವು.

ನಾಲ್ಕನೆಯದು, ಆ ಡಬರಿ, ಪಾಸಾಗಲಿಲ್ಲ.

ಶುದ್ಧ ಅಲ್ಯುಮಿನಿಯಮ್ಮಿನ ತಗಡಿನಿಂದ ಮಾಡಿದ ಪಾತ್ರೆಯಲ್ಲಿ ಸೀಸಕ್ಕೆ ಎಡೆಯಿಲ್ಲ. ಗುಜರಿಯ ಅಲ್ಯುಮಿನಿಯಮ್ಮನ್ನು ಕರಗಿಸಿ ಎರಕ ಹೊಯ್ದ ಪಾತ್ರೆಯ ಸಂಗತಿ ಬೇರೆ. ಎಂಜಿನ್ನಿನ ತುಂಡು, ವಿದ್ಯುತ್ ಸಾಮಾನು, ಬೆಸುಗೆ ಹತ್ತಿದ ತಗಡು, ಹೀಗೆ ಆ ಕಡಾಯಿಗೆ ಏನೇನು ಬೀಳುವುದೋ ಯಾರಿಗೂ ಲೆಕ್ಕವಿಲ್ಲ. ಭಾರತವೂ ಸೇರಿದಂತೆ 10 ದೇಶಗಳ 42 ಅಲ್ಯುಮಿನಿಯಂ ಪಾತ್ರೆಗಳನ್ನು ಪರೀಕ್ಷಿಸಿದವರು, ಮೂರರಲ್ಲೊಂದಕ್ಕಿಂತ ಹೆಚ್ಚು ಪಾತ್ರೆಗಳಿಂದ ಸೀಸ ಅಡುಗೆಗೆ ಇಳಿಯಬಲ್ಲದೆಂದು 2017ರಲ್ಲಿ ವರದಿ ಮಾಡಿದರು. 2025ರ ಆಗಸ್ಟಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯು ಹೊರದೇಶಗಳಿಂದ ಬರುವ ಅಲ್ಯುಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಲ್ಲಿ ಕೆಲವನ್ನು ಮಾರಬಾರದು, ಬಳಸಬಾರದು ಎಂದು ಎಚ್ಚರಿಸಿತು. ಯಂತ್ರವು ಪಾತ್ರೆಯಲ್ಲಿ ಏನಿದೆಯೆಂದು ಹೇಳುವುದೇ ಹೊರತು ಅನ್ನಕ್ಕೆ ಎಷ್ಟು ಇಳಿಯುವುದೆಂದು ಹೇಳಲಾರದು. ಆದುದರಿಂದ ಡಬರಿಯಲ್ಲಿ 24 ಗಂಟೆ ನಿಂತ ವಿನೆಗರನ್ನು ಒಂದು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಿದೆವು. ಶುಲ್ಕವನ್ನು ಅಧ್ಯಾಪಕರೆಲ್ಲರೂ ಹಂಚಿಕೊಂಡರು. ಎಲ್ಲ ಪಾತ್ರೆಗಳನ್ನೂ ಹಾಗೆ ಪರೀಕ್ಷಿಸುವ ಶಕ್ತಿ ನಮಗಿರಲಿಲ್ಲ. ಹತ್ತು ದಿನಗಳ ಮೇಲೆ ಉತ್ತರ ಬಂತು. ಕುಡಿಯುವ ನೀರಿನ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ಸೀಸವು ಇಳಿದಿತ್ತು.

ಹುಡುಗನ ಕೈಯಲ್ಲಿ ಚೀಟಿ ಕಳುಹಿಸಲು ನನಗೆ ಮನಸ್ಸು ಬರಲಿಲ್ಲ. ತಾಯಿಯನ್ನು ಬರಹೇಳಿದೆ. ನಾಲ್ಕು ಮನೆಗಳಲ್ಲಿ ಕೆಲಸ ಮಾಡುವ ಆಕೆ ಒಂದು ಹೊತ್ತಿನ ಕೆಲಸವನ್ನು ಬಿಟ್ಟು ಬಂದರು. ನಾನು ಹೇಳಿದುದನ್ನೆಲ್ಲ ನಿಂತುಕೊಂಡೇ ಕೇಳಿದರು. ಬಳಿಕ, "ಸರ, ದಿನಾ ಬ್ಯಾಳಿ ಅದರಾಗೇ ಕುದಸ್ತೀನ್ರಿ. ಹುಣಸಿ ಹುಳೀನೂ ಅದರಾಗೇ ಹಿಂಡ್ತೀನಿ. ಹಂಗಾದ್ರ ಇಷ್ಟು ದಿನ ನಾನೇ ಮಕ್ಕಳಿಗಿ ವಿಷ ಉಣಿಸೀನೇನ್ರಿ?" ಎಂದರು.

ವಿದ್ಯಾರ್ಥಿಮಿತ್ರರೇ, ಪುಸ್ತಕದಲ್ಲಿ ಉತ್ತರವಿಲ್ಲದ ಪ್ರಶ್ನೆಗಳು ಇಂತಹವು. "ಇಲ್ಲವ್ವಾ, ನೀವು ಉಣಿಸಿದ್ದು ಬೇಳೆ. ಗುಜರಿ ಕರಗಿಸಿ, ತೂಕಕ್ಕೆ ಮಾರಿದವರು ಬೇರೆ" ಎಂದೆ. ಆಕೆಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. ಮನೆಯಲ್ಲಿ ಮೂರು ವರ್ಷದ ಇನ್ನೊಂದು ಮಗುವಿತ್ತು. ಅದರ ರಕ್ತವನ್ನು ಪರೀಕ್ಷೆ ಮಾಡಿಸಿದೆವು. ಬಂದ ಅಂಕೆ ನಾಲ್ಕಕ್ಕಿಂತ ತುಸು ಹೆಚ್ಚು. ಕಾರಣವನ್ನು ಹುಡುಕಿ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಟ್ಟ 5. ಅದೇ ವರ್ಷ ಅಮೆರಿಕದವರು ಗಮನಿಸಬೇಕಾದ ಮಟ್ಟವನ್ನು 3.5ಕ್ಕೆ ಇಳಿಸಿದರು. ಮಗು ಈ ಎರಡು ಗೆರೆಗಳ ನಡುವೆ ನಿಂತಿತ್ತು. ಸೀಸವನ್ನು ಹೊರಹಾಕುವ ಔಷಧವನ್ನು ಕೊಡುವುದು ಅಂಕೆ 45 ಮುಟ್ಟಿದಾಗ. ಅದಕ್ಕಿಂತ ಕೆಳಗೆ ಇರುವ ಚಿಕಿತ್ಸೆಯೆಂದರೆ ಪಾತ್ರೆಯನ್ನು ಬದಲಿಸುವುದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸಾಲದ ಮೈ ಸೀಸವನ್ನು ಹೆಚ್ಚು ಹೀರುವುದರಿಂದ ಸೊಪ್ಪು, ಕಾಳು, ಹಾಲು ಇವುಗಳನ್ನು ಕೊಡುವುದು, ಕೆಲವು ತಿಂಗಳ ಮೇಲೆ ಮತ್ತೆ ರಕ್ತ ನೋಡುವುದು. ವೈದ್ಯರು ಇಷ್ಟನ್ನೇ ಹೇಳಿದರು. ಎರಡನೆಯ ಪರೀಕ್ಷೆಯ ದಿನ ಇನ್ನೂ ಬಂದಿಲ್ಲ.

ಹಾಲು, ಸೊಪ್ಪು ಎಂದು ಹೇಳುವುದು ಸುಲಭ. ಹೊಸ ಪಾತ್ರೆ ಕೊಳ್ಳಿರೆಂದು ಹೇಳುವುದು ಇನ್ನೂ ಸುಲಭ. ಆ ತಾಯಿ ಯಾರಿಂದಲೂ ದುಡ್ಡು ತೆಗೆದುಕೊಳ್ಳಲು ಒಪ್ಪಲಿಲ್ಲ. ಅವರ ಚಾಳಿನ ಹೆಂಗಸರು ತಿಂಗಳಿಗೊಮ್ಮೆ ಭಿಶಿ ಕೂಡಿಸುವರು. ಆ ತಿಂಗಳ ಸರದಿ ಯಾರದಿತ್ತೋ ಅವರು ಅದನ್ನು ಈಕೆಗೆ ಬಿಟ್ಟುಕೊಟ್ಟರು. ಬಂದ ಹಣದಲ್ಲಿ ತಳ ದಪ್ಪವಿರುವ ಸ್ಟೀಲಿನ ಡಬರಿ ಬಂತು. ಬೇಳೆ ಮೊದಲಿನಷ್ಟು ಬೇಗ ಬೇಯುವುದಿಲ್ಲವೆಂದು ಮಾತ್ರ ಆಕೆಯ ದೂರು.

ಹಿತ್ತಾಳೆಯ ಬೋಗುಣಿಯ ಕಥೆ ಬೇರೆ ಬಗೆಯದು. ಅದು ಹುಡುಗಿಯ ಅಜ್ಜಿ ಮದುವೆಯಲ್ಲಿ ಕೊಟ್ಟದ್ದು. ಅವಳ ತಾಯಿ ಅದನ್ನು ಒಲೆಯಿಂದ ಇಳಿಸಿ, ಮಾಡದ ಮೇಲಿಟ್ಟರು. ಬಿಸುಡುವ ಮಾತನ್ನೇ ಎತ್ತಬೇಡಿರೆಂದರು. ಹಳೆಯ ಕಲಾಯಿಯನ್ನು ಕೆರೆಸಿ ಶುದ್ಧ ತವರದಿಂದ ಮತ್ತೆ ಮಾಡಿಸಬಹುದಲ್ಲ ಎಂದು ಹುಡುಗಿ ಕೇಳಿದಳು. ಕೆರೆದ ಪುಡಿಯಲ್ಲಿ ಸೀಸವಿರುತ್ತದೆ. ಅದು ಕಲಾಯಿಗಾರನ ಉಸಿರಿಗೂ, ಅವನ ಪಕ್ಕದಲ್ಲಿ ಆಡುವ ಮಕ್ಕಳಿಗೂ ಹೋಗುತ್ತದೆ. ನಮ್ಮೂರಿನಲ್ಲಿ ಹಂಡೆಯೊಳಗೆ ನಿಂತು ಕುಣಿಯುತ್ತಿದ್ದ ಆ ಹುಡುಗನು ನನಗೆ ಆ ಕ್ಷಣದಲ್ಲಿ ನೆನಪಾದನು. ಅವನಿಗೆ ಈಗ ನನ್ನ ವಯಸ್ಸೇ ಇರಬೇಕು.

ಉಳಿದದ್ದು ಹಿಂಡಾಲಿಯಮ್ಮಿನ ಡಬರಿ. ಕನ್ನಡಿಗರಿಗೆ ಬಂಗಾರವೆಂದರೆ ಚಿನ್ನ. ಈ ಊರಿನವರಿಗೆ ಭಂಗಾರವೆಂದರೆ ಗುಜರಿ. ನಡುವೆ ಒಂದು ಮಹಾಪ್ರಾಣದ ಅಂತರ ಮಾತ್ರ. ಬಂಗಾರದ ಅಂಗಡಿಯಲ್ಲಿ ಫೇಲಾದ ಪಾತ್ರೆಯನ್ನು ಭಂಗಾರದವನಿಗೆ ಹಾಕಿದರೆ ತೂಕಕ್ಕೆ ನಾಲ್ಕು ಕಾಸು ಬರುವುದು, ಅದನ್ನು ಮನೆಗೆ ಕೊಡೋಣವೆಂದು ನಾವು ಅಂದುಕೊಂಡೆವು. ಆ ಹುಡುಗನು ಪಕ್ಕದಲ್ಲಿಯೇ ನಿಂತಿದ್ದನು. ಧಾರಾವಿಯಲ್ಲಿ ಅಲ್ಯುಮಿನಿಯಂ ಕರಗಿಸುವುದನ್ನು ಅವನು ಕಣ್ಣಾರೆ ಕಂಡವನು.

"ಸರ್, ಭಂಗಾರದವಗ ಕೊಟ್ರ ಕರಗಸ್ತಾರ. ಕರಗಿಸಿ ಮತ್ತ ಯಾರಿಗ್ಯರ ಡಬರೀನೇ ಮಾಡಿ ಕೊಡ್ತಾರಲ್ರಿ?" ಎಂದನು.

ಟೀಚರು ನನ್ನ ಮುಖವನ್ನು ನೋಡಿದರು, ನಾನು ಅವರ ಮುಖವನ್ನು ನೋಡಿದೆ. ಸೀಸದ ಪಾತ್ರೆಯನ್ನು ಬೇರೆಯಾಗಿ ತೆಗೆದುಕೊಳ್ಳುವವರು ಯಾರಾದರೂ ಇರುವರೇ ಎಂದು ನಾಲ್ಕು ಕಡೆ ವಿಚಾರಿಸಿದೆವು. ದೊಡ್ಡ ಕಾರ್ಖಾನೆಯ ತ್ಯಾಜ್ಯಕ್ಕೆ ದಾರಿಯುಂಟು, ಒಂದು ಡಬರಿಗೆ ಯಾರೂ ಹೂಂ ಎನ್ನಲಿಲ್ಲ. ಕೊನೆಗೆ ಯಾರೂ ಮರೆತು ಸಹ ಒಲೆಯ ಮೇಲೆ ಇಡದಂತೆ, ಅದರ ತಳಕ್ಕೆ ಮೊಳೆಯಿಂದ ಎರಡು ತೂತುಗಳನ್ನು ಹೊಡೆದು, 'ಅಡುಗೆಗೆ ಅಲ್ಲ' ಎಂದು ಆ ಹುಡುಗನಿಂದಲೇ ಬರೆಸಿದ ಚೀಟಿಯನ್ನು ಅಂಟಿಸಿ, ಪ್ರಯೋಗಶಾಲೆಯ ಕಪಾಟಿನ ಮೇಲಿರಿಸಿದೆವು. ಈಗ ಅದರ ಪಕ್ಕದಲ್ಲಿ ಇನ್ನೆರಡು ಪಾತ್ರೆಗಳು ಬಂದು ಕುಳಿತಿವೆ.